ಅಪ್ಪನ ಕೂಗು, ಮಾವನ ಪೇಟೆಂಟು

ನಮ್ಮ ಸೋದರಮಾವನ ಬಗ್ಗೆ ಹರಪನಹಳ್ಳಿಯಿಂದ ಕೊಟ್ಟೂರಿನವರೆಗೆ ಎಲ್ಲರೂ ಹೇಳುವ ಕತೆ ಒಂದೇ: ಗಂಟಲಿನ ಆಪರೇಷನ್ನಿನಲ್ಲಿ ದನಿ ಕಳೆದುಕೊಂಡ ಅಕ್ಕನ ಗಂಡನಿಗೆ, ಎಂದರೆ ನನ್ನಪ್ಪನಿಗೆ, ಅದನ್ನು ವಾಪಸ್ ಕೊಡಲೆಂದೇ ಅವನು ಕೂಗುವ ತಾಯಿತ ಕಂಡುಹಿಡಿದ, ಪೇಟೆಂಟ್ ಪಡೆದ. ಕಣ್ಣಲ್ಲಿ ನೀರು ತರಿಸುವ ಕತೆ. ಆದರೆ ಹಿಂದುಮುಂದು ಹೊಂದುವುದಿಲ್ಲ. ಕುರಿ ಕರೆಯುವ ಅಪ್ಪನ ಕೂಗನ್ನು ಮಾವ ಫೋನಿಗೆ ತುಂಬಿಕೊಂಡಾಗ ಅಪ್ಪನ ಗಂಟಲು ಗಟ್ಟಿಯಾಗಿಯೇ ಇತ್ತು. ಕಾಯಿಲೆ ಬಂದದ್ದು ಆಮೇಲೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಕೇಳಿಯೇ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಎದುರಾಳಿಗಳನ್ನು ಬೀಳಿಸುತ್ತಿದ್ದೆ. ಮನೆಯಲ್ಲಿ ಹಾಗೆ ಕೇಳಿದರೆ ಮಾತ್ರ ಕೃತಘ್ನೆ ಎನ್ನುತ್ತಾರೆ.

ಮಾವನಿಗೆ ಕೊಟ್ಟೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ. ಮರೆತು ಬಂದರೆ ಕಿರುಚುವ ಕನ್ನಡಕದ ಡಬ್ಬಿ, ಬಿದ್ದರೆ ಮನೆಗೆ ಫೋನ್ ಮಾಡುವ ಊರುಗೋಲು, ಕೆಮ್ಮು ಕೇಳಿ ಯಾರದೆಂದು ಹೇಳುವ ಸಾಫ್ಟ್‌ವೇರ್, ಎಲ್ಲದರ ಪೇಟೆಂಟ್ ಹಾಳೆಗಳೂ ಗಾಜು ಹಾಕಿಸಿಕೊಂಡು ಗೋಡೆಯ ಮೇಲಿವೆ. ಜಾಣ, ಅದರಲ್ಲಿ ತಕರಾರಿಲ್ಲ.

ಕೂಗು ತುಂಬಿಕೊಂಡ ಆ ದಿನ ತೆಲಿಗಿ ಹತ್ತಿರದ ನಮ್ಮೂರಿಗೆ ಬಂದವನು ಅಪ್ಪನನ್ನು ರಸ್ತೆಬದಿಯಲ್ಲೇ ನಿಲ್ಲಿಸಿ ಕೂಗಿಸಿದ. ಅಪ್ಪನ ಕೂಗು ಉದ್ದಕ್ಕೆ ಏರಿ, ಕೊನೆಯಲ್ಲಿ ತುಸು ಒಡೆಯುತ್ತಿತ್ತು. ಬೇರೆ ಯಾರು ಕರೆದರೂ ನಮ್ಮ ಕುರಿಗಳು ತಲೆಯೆತ್ತುತ್ತಿರಲಿಲ್ಲ. ಕೂಗು ಮುಗಿಯುತ್ತಲೇ ಬಸ್ಸೊಂದು ಹಾರ್ನ್ ಹೊಡೆಯಿತು. ಅದೂ ಫೋನಿನೊಳಗೆ ಸೇರಿತು.

"ಇನ್ನೊಮ್ಮಿ ಕೂಗ್ರಿ ಭಾವ, ಬಸ್ಸು ಕೆಡಿಸ್ತು."

"ಇರ್ಲಿ ಬಿಡಲೇ, ಕುರಿಗೇನು ಟಿಕೆಟ್ ಕೇಳ್ತಾರಾ?"

ಅಪ್ಪನ ಬಾಯಿಂದ ನಾನು ಕೇಳಿದ ಕೊನೆಯ ತಮಾಷೆಗಳಲ್ಲಿ ಅದೊಂದು. ಆಪರೇಷನ್ನಿನ ನಂತರ ಉಳಿದದ್ದು ಬರೀ ಉಸಿರಿನ ಸದ್ದು. ಮಾವ ತಂದ ತಾಯಿತದಂಥ ಯಂತ್ರವನ್ನು ಕೊರಳಿಗೆ ಹಾಕಿಕೊಂಡು ಒತ್ತಿದರೆ ಅಪ್ಪನ ಹಳೆಯ ಕೂಗು, ಅದರ ಹಿಂದೆಯೇ ಬಸ್ಸು. ಕುರಿಗಳು ಓಡಿ ಬಂದವು. ಅವ್ವ ಅತ್ತಳು. ಅಪ್ಪ ಮಾತ್ರ ಒತ್ತುವಾಗಲೆಲ್ಲ ತುಟಿ ಬಿಗಿಹಿಡಿದು ಆಚೆ ನೋಡುತ್ತಿದ್ದ.

ಈ ಬೇಸಿಗೆಯ ಒಂದು ಮಧ್ಯಾಹ್ನ. ಕುರಿಗಳು ಮನೆ ಪಕ್ಕದ ರೊಪ್ಪದಲ್ಲಿ ಮುಳ್ಳುಬೇಲಿಯ ನೆರಳಿಗೆ ಮಲಗಿದ್ದವು. ಅಪ್ಪ ನನ್ನೆದುರು ಊಟಕ್ಕೆ ಕೂತಿದ್ದ. ಯಂತ್ರ ಗೂಟಕ್ಕೆ ತೂಗುತ್ತಿತ್ತು. ಹಳ್ಳದ ಆಚೆಯಿಂದ ಅಪ್ಪನ ಕೂಗು ಬಂತು. ಏರಿತು, ಒಡೆಯಿತು. ಹಿಂದೆಯೇ ಬಸ್ಸಿನ ಹಾರ್ನ್.

ಹಳ್ಳದ ಆಚೆ ರಸ್ತೆಯೇ ಇಲ್ಲ.

ರೊಪ್ಪದಲ್ಲಿ ಕುರಿಗಳೆಲ್ಲ ಒಮ್ಮೆಲೇ ಎದ್ದು ಬಾಗಿಲಿಗೆ ನುಗ್ಗಿದವು. ಅಪ್ಪ ಎಂಜಲು ಕೈಯಲ್ಲೇ ಓಡಿ, ಬಾಗಿಲಿಗೆ ಬೆನ್ನು ಕೊಟ್ಟು ಬಾಯಿ ತೆರೆದ. ಉಸಿರು ಬಂತು, ಅಷ್ಟೇ. ಕೂಗು ಮತ್ತೆ ಬಂತು, ಈ ಸಲ ಇನ್ನೂ ಹತ್ತಿರದಿಂದ. ತಾನೇ ಸಾಕಿದ ಕುರಿಗಳು ತನ್ನದೇ ದನಿ ಕೇಳಿ ಅವನನ್ನು ತಳ್ಳುತ್ತಿದ್ದವು.

"ಯಾವನಲೇ ಅವ?" ಅವ್ವ ಚೀರಿದಳು. ಜಾಲಿ ಗಿಡಗಳ ಹಿಂದೆ ಬೈಕೊಂದು ಸ್ಟಾರ್ಟಾಗಿ ದೂರವಾಯಿತು.

ನಾನು ಅಲ್ಲೇ ನಿಂತು ಮಾವನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿದೆ.

"ತಾಯಿತದ್ದೇ ಫೋನಿನ ಆಪ್ ಬಿಟ್ಟೀನಿ, ಅದ್ರಾಗ ಮಾದರಿಗೆ ಒಂದು ಕೂಗು ಬೇಕಿತ್ತವ್ವಾ, ಭಾವಂದೇ ಹಾಕೀನಿ," ಎಂದ. "ಹಡಗಲಿ, ಕೂಡ್ಲಿಗಿ ಕಡಿ ಮಂದಿ ಎಲ್ಲಾ ಇಳಿಸ್ಕಂಡಾರ. ಹೆಮ್ಮಿ ಪಡ್ಬೇಕು ನೀವು."

"ತೆಗಿ ಮಾವ ಅದನ್ನ."

"ನಾ ತೆಗೆದ್ರೂ ಇಳಿಸ್ಕಂಡವ್ರ ಫೋನಿನಾಗ ಇರ್ತೈತಲ್ಲ, ವಕೀಲಮ್ಮ. ಅದಕ್ಕ ನಾ ಏನ್ ಮಾಡ್ಲಿ?"

ಅಪ್ಪ ಇನ್ನೂ ಬಾಗಿಲು ಬಿಟ್ಟಿರಲಿಲ್ಲ. ಕೈಯ ಅನ್ನ ಒಣಗಿತ್ತು. ಅವನು ಫೋನನ್ನೇ ನೋಡುತ್ತಿದ್ದ.

"ಇವತ್ತು ಬಾಗ್ಲಿತ್ತು, ತಡೆದ್ವಿ ಮಾವ. ನಾಳೆ ಬಯಲಾಗ ಕುರಿ ಆ ಕೂಗಿನ ಹಿಂದ ಹೊಂಟ್ರ, ಅಪ್ಪ ಯಾವ ದನಿಲೇ ವಾಪಸ್ ಕರೀಬೇಕು?"