ಹಸಿದಿರಬೇಕಾದ ಗಿಡಗಳು

ಕಡೂರಿನ ಆಚೆ ಕೊಬ್ಬರಿ ಪುಡಿ ಮಾಡುವ ಫ್ಯಾಕ್ಟರಿಯೊಂದರಲ್ಲಿ ಚಿಕ್ಕಬೀರಪ್ಪನಿಗೆ ಕೊಳೆನೀರು ನೋಡಿಕೊಳ್ಳುವ ಕೆಲಸ. ಅದಕ್ಕೂ ಮೊದಲು ಮೂವತ್ತು ವರ್ಷ ಎಮ್ಮೆದೊಡ್ಡಿ ಸುತ್ತಮುತ್ತ ಕುರಿ ಕಾದವನು. ಕೊಯ್ಲು ಮುಗಿದ ಹೊಲದಲ್ಲಿ ಅವನ ಮಂದೆ ನಾಲ್ಕು ರಾತ್ರಿ ತಂಗಿದರೆ ಮುಂದಿನ ರಾಗಿ ಎದೆಯೆತ್ತರ ಬರುತ್ತದೆಂದು ಜನ ಕರೆಯಲು ಬರುತ್ತಿದ್ದರು. ಮೊಣಕಾಲು ಸೋತ ಮೇಲೆ ಹತ್ತು ಕುರಿ ಉಳಿಸಿಕೊಂಡು ಇಲ್ಲಿ ಸೇರಿದ.

ಕಾಯಿ ತೊಳೆದ ಹುಳಿನೀರು ಹಿತ್ತಲಿನ ಉದ್ದನೆಯ ಜಲ್ಲಿ ತೊಟ್ಟಿಗೆ ಬರುತ್ತದೆ. ಅದರ ತುಂಬ ಆಪು ಹುಲ್ಲು, ಕಾಬಾಳೆ ಗಿಡ ನೆಟ್ಟಿದೆ. ನೀರು ಬೇರುಗಳ ನಡುವೆ ಹಾದು ಆಚೆ ತುದಿಯಲ್ಲಿ ತಿಳಿಯಾಗಿ ಬೀಳಬೇಕು. ಬೀಳುತ್ತಿರಲಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಎರಡು ಪರೀಕ್ಷೆಯಲ್ಲೂ ಫೇಲ್. ಮೂರನೆಯದೂ ಹೋದರೆ ಫ್ಯಾಕ್ಟರಿಗೆ ಬೀಗ. ಕಾಯಿ ಹೆರೆಯುವ ನಲವತ್ತು ಹೆಂಗಸರು, ಅವರಲ್ಲೊಬ್ಬಳಾದ ಬೀರಪ್ಪನ ಸೊಸೆ ಕೋಮಲಾ, ಎಲ್ಲರೂ ಮನೆಗೆ.

ತೊಟ್ಟಿ ಕಟ್ಟಿಸಿದ ಇಂಜಿನಿಯರ್ ತನುಜಾ ಬಂದು ಸುತ್ತ ನಡೆದಳು. ಬಗ್ಗಿ ಜಲ್ಲಿಯಿಂದ ಕಪ್ಪು ಗುಂಡೊಂದನ್ನು ಎತ್ತಿದಳು.

“ಇದೇನು ಬೀರಪ್ಪಣ್ಣ?”

“ಕುರಿ ಹಿಕ್ಕೆ ಕಣವ್ವ.”

“ಇಲ್ಲಿಗೆ ಹೆಂಗ್ ಬಂತು?”

ಯಾರದೋ ಕುರಿ ಬೇಲಿ ನುಗ್ಗಿತ್ತು ಎನ್ನಬಹುದಿತ್ತು. ಮಾತು ನಾಲಿಗೆ ತುದಿಗೆ ಬಂದಿತ್ತು ಕೂಡ. ಆದರೆ ಒಳಗೆ ಕಾಯಿ ಹೆರೆಯುತ್ತ ಕೂತ ಕೋಮಲಾ ನೆನಪಾದಳು.

“ನಾನೇ ಹಾಕ್ದೆ. ಸೋಮವಾರಕ್ಕೊಂದು ಮಂಕರಿ. ಎಲೆ ಬಿಳಿಚ್ಕೊಂಡಿದ್ವು, ಸುಮ್ನೆ ನೋಡ್ತಾ ಇರಕ್ಕಾಗ್ಲಿಲ್ಲ.”

ತನುಜಾ ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತಳು. ಬೈಯುತ್ತಾಳೆಂದುಕೊಂಡರೆ ನಗುತ್ತಿದ್ದಳು!

“ಎರಡು ತಿಂಗ್ಳಿಂದ ಪಂಪು, ಪೈಪು ಎಲ್ಲಾ ಬಿಚ್ಚಿ ನೋಡ್ದೆ ಕಣಣ್ಣ! ಈ ಗಿಡ ಹಸ್ಕೊಂಡಿರ್ಬೇಕು. ಆಗ ತಾನೇ ನೀರಿನ ಕೊಳೆ ತಿನ್ನೋದು? ನೀವು ಮೇಲಿಂದ ಇನ್ನಷ್ಟು ಬಡಿಸಿದೀರ.”

“ಹಸ್ದೋವ್ರನ್ನ ನೋಡ್ಕೊಂಡು ಹೆಂಗವ್ವ ಇರೋದು?”

ಆ ಮಧ್ಯಾಹ್ನವೇ ಇಬ್ಬರೂ ಹಿಕ್ಕೆಯನ್ನೆಲ್ಲ ಕೆರೆದು ತೆಗೆದರು. ಮುಂದಿನ ಐದು ಸೋಮವಾರ ಬೀರಪ್ಪ ಬರಿಗೈಯಲ್ಲಿ ಬಂದ. ಬಿಳಿಚಿದ ಎಲೆ ಕಂಡಾಗ ಮುಖ ಆಚೆ ತಿರುಗಿಸಿದ.

ಆರನೆಯ ವಾರ ಮಂಡಳಿಯವರು ಬಾಟಲಿಯಲ್ಲಿ ನೀರು ಒಯ್ದರು. ವರದಿ ಬಂದ ದಿನ ಕೋಮಲಾ ಕೈಲಿದ್ದ ಕತ್ತಿ ಇಡುವುದನ್ನೂ ಮರೆತು ಓಡಿಬಂದಳು.

“ಮಾವ, ಪಾಸಂತೆ!”

ಬೀರಪ್ಪ ಉಸಿರು ಬಿಟ್ಟ. ಎಷ್ಟು ದಿನದಿಂದ ಹಿಡಿದಿದ್ದನೋ. ತಿಳಿಯಾಗಿ ಬೀಳುತ್ತಿದ್ದ ನೀರಿಗೆ ಕೈಯೊಡ್ಡಿ ಮುಖ ತೊಳೆಯಲು ಹೋಗಿ, ಎಷ್ಟಾದರೂ ಕೊಳೆನೀರೆಂದು ನೆನಪಾಗಿ ಕೈ ಒರೆಸಿಕೊಂಡ.

“ಹಂಗಾರೆ ಕುರಿ ರೊಪ್ಪದಲ್ಲಿರೋ ಹಿಕ್ಕೆ ಏನ್ಮಾಡಾನ?”

“ಮನೆ ಮುಂದ್ಲ ತೆಂಗಿಗೆ ಹಾಕಿ ಮಾವ. ಇಲ್ಲಿಗ್ ಮಾತ್ರ ತರ್ಬ್ಯಾಡಿ!”