ಪಾಪಕ್ಕನ ಚೈನ್ ಪುಲ್ಲಿ

ನಂದಿದುರ್ಗ ಎಂಬ ಚಿನ್ನದ ಗಣಿಯ ಆಳುಗಳ ಲೈನ್ ಮನೆಗಳ ಹಿಂದೆ ಪೆರುಮಾಳ್ ಗಾಡಿ ರಿಪೇರಿ ಮಾಡುತ್ತಾನೆ. ಇಂಜಿನ್ ಎತ್ತಿ ಇಳಿಸುವ ಚೈನ್ ಪುಲ್ಲಿ ಮಾತ್ರ ಹೆಂಡತಿ ಪಾಪಕ್ಕನ ಕೈಯಲ್ಲಿ. ಅವಳಪ್ಪ ಗಣಿಯೊಳಗೆ ಆಳುಗಳನ್ನು ಇಳಿಸುವ ಯಂತ್ರ ನಡೆಸಿದವನು. ಗಂಟೆ ಬಡಿದರಷ್ಟೇ ಕೈ ಆಡಿಸುತ್ತಿದ್ದ, ಮೇಸ್ತ್ರಿ ಕೂಗಿಕೊಂಡರೂ ಕದಲುತ್ತಿರಲಿಲ್ಲ. ಮಗಳದೂ ಅದೇ ಹಟ. ಗಾಡಿಯ ಮೈಗೆ ಎರಡು ಸಲ ತಟ್ಟಿದರೆ ಇಳಿಸುತ್ತಾಳೆ, ಒಂದು ಸಲ ತಟ್ಟಿದರೆ ನಿಲ್ಲಿಸುತ್ತಾಳೆ. ಮಾತಿಗೆ ಬೆಲೆಯಿಲ್ಲ.

ಮೊನ್ನೆ ಕ್ಯಾಸಂಬಳ್ಳಿಯ ಅಶ್ವತ್ಥಪ್ಪನ ಹಳೇ ಪಿಕಪ್‌ಗೆ ಬೇರೆ ಡೀಸೆಲ್ ಇಂಜಿನ್ ಕೂರಿಸುತ್ತಿದ್ದರು. ಗಾಡಿಯಡಿ ಮಲಗಿದ್ದ ಪೆರುಮಾಳ್ ಸ್ಪ್ಯಾನರಿನಿಂದ ಒಮ್ಮೆ ತಟ್ಟಿದ. ಇಂಜಿನ್ ಅಲ್ಲೇ ತೂಗಿ ನಿಂತಿತು. ಬೋಲ್ಟಿನ ತೂತು ಸರಿ ಬಂತೇ ಎಂದು ಅವನು ಬೆರಳಿಟ್ಟು ನೋಡುತ್ತಿದ್ದ. ಪಕ್ಕದಲ್ಲಿ ನಿಂತಿದ್ದ ಅಶ್ವತ್ಥಪ್ಪನಿಗೆ ಖುಷಿ ತಡೆಯಲಾಗಲಿಲ್ಲ; ಹಸುವಿನ ಬೆನ್ನು ಚಪ್ಪರಿಸುವಂತೆ ಗಾಡಿಯ ಬಾಗಿಲನ್ನು ಎರಡು ಸಲ ತಟ್ಟಿದ.

ಇಂಜಿನ್ ಇಳಿಯತೊಡಗಿತು. ಪೆರುಮಾಳ್ ಬೆರಳು ಎಳೆದುಕೊಂಡು ಒಂದು ಸಲ ಬಡಿದ. ನಿಂತಿತು.

"ಏನಕ್ಕಾ, ಅವನ ಬೆರಳು ಓಗ್ತಿತ್ತಲ್ಲ," ಎಂದ ಅಶ್ವತ್ಥಪ್ಪ.

"ಇಳ್ಸು ಅಂದೋನು ನೀನೇ ಅಲ್ವೇನಣ್ಣ," ಎಂದಳು ಪಾಪಕ್ಕ.

ಸಂಜೆ ಚೈನು ಬಿಚ್ಚಿದ ಮೇಲೆ ಇಂಜಿನ್ ಸ್ಟಾರ್ಟಾಯಿತು. "ಈಗ ಎಷ್ಟು ಬೇಕಾದ್ರೂ ತಟ್ಕೋ ಅಣ್ಣ," ಎಂದ ಪೆರುಮಾಳ್. ಅಶ್ವತ್ಥಪ್ಪ ಕೈ ಎತ್ತಿದ. ಪಾಪಕ್ಕನ ಮುಖ ನೋಡಿ, ಗಾಡಿಯನ್ನು ಮೆಲ್ಲಗೆ ಸವರಿದ.