ಮಂಡಿ ಯಜಮಾನರ ವಾಚಿನ ಕೊಂಡಿಗಳು

ನಿನ್ನೆ ತೊಳೆಯೋಣವೆಂದು ಮೆಂತ್ಯದ ಡಬ್ಬಿ ಬಗ್ಗಿಸಿದರೆ ತಳದಿಂದ ಉಕ್ಕಿನ ತುಂಡುಗಳು ಬಿದ್ದವು. ಸೊಸೆ ಎತ್ತಿಕೊಂಡು, "ಇದೇನತ್ತೆ, ಗುಜರಿಗೆ ಹಾಕ್ಲಾ?" ಅಂದಳು. ಕಿತ್ತುಕೊಂಡೆ. ಅವು ವಾಚಿನ ಚೈನಿನ ಕೊಂಡಿಗಳು. ಮೆಂತ್ಯದ ವಾಸನೆ ಹತ್ತಿತ್ತು, ತುಕ್ಕು ಮಾತ್ರ ಹತ್ತಿರಲಿಲ್ಲ...

ಆಗ ನಾನು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕಾಯಿ ವಿಂಗಡಿಸುತ್ತಿದ್ದೆ. ಯಜಮಾನರಿಗೆ ವಾಚಿನ ಹುಚ್ಚು. ಪಂಚೆಗೆ ಸೊನೆ ಅಂಟಿದರೂ ಚಿಂತೆಯಿಲ್ಲ, ವಾಚು ಫಳಫಳ ಅನ್ನಬೇಕು. ಎರಡಿದ್ದವು. ಒಂದು ಅಳಿಯ ಕೊಟ್ಟದ್ದು, ಇನ್ನೊಂದು ತಾವೇ ಆಸೆಪಟ್ಟು ತಂದದ್ದು. ಎರಡೂ ಸಮುದ್ರದಲ್ಲಿ ಮುಳುಗುವವರು ಕಟ್ಟುವಂಥ ದುಬಾರಿ ವಾಚುಗಳಂತೆ.

"ನೀವು ಬಾವಿಗೇ ಇಳಿಯಲ್ಲ, ಸಮುದ್ರದ ವಾಚು ಯಾಕಣ್ಣ?" ಅಂದೆ.

"ಟೈಮು ಎಲ್ಲದ್ರಲ್ಲೂ ಒಂದೇ ಬಿಡಕ್ಕ. ಚೈನು ನೋಡು, ಚೈನು!" ಎಂದು ಎರಡನ್ನೂ ನನ್ನ ಅಂಗೈಗೆ ಹಾಕಿದರು.

ಅಳಿಯ ಕೊಟ್ಟದ್ದು ನೋಡಲು ಜೋರು. ಅಲ್ಲಾಡಿಸಿದರೆ ತಗಡಿನಂತೆ ಗಲಗಲ ಅನ್ನುತ್ತಿತ್ತು, ಕೈಕೂದಲು ಕಚ್ಚಿ ಎಳೆಯುತ್ತಿತ್ತು. ಇನ್ನೊಂದರ ಕೊಂಡಿಗಳು ಗಟ್ಟಿ, ಅಂಚು ನಯ. ಬೆರಳ ಮೇಲೆ ನೀರಿನ ಹಾಗೆ ಇಳಿಯುತ್ತಿತ್ತು. ಲಾಕು ಒತ್ತಿದರೆ ಒಂದೇ ಸದ್ದು, ಟಕ್. ಲಾಕಿನೊಳಗೇ ಚೈನನ್ನು ಒಂಚೂರು ಬಿಗಿ, ಒಂಚೂರು ಸಡಿಲ ಮಾಡುವ ಏರ್ಪಾಡೂ ಇತ್ತು.

"ಇದೇ ಚೆನ್ನಾಗಿದೆ. ಅಳಿಯಂದು ಎತ್ತಿನ ಕೊರಳಿಗೆ ಕಟ್ಟಿ" ಅಂದೆ. ಹೊಟ್ಟೆ ಕುಣಿಯುವಂತೆ ನಕ್ಕರು.

ಆಮೇಲೆ ಆ ಹೊಟ್ಟೆ ಕರಗಿತು. ಚೈನು ಮೊಣಕೈಯತ್ತ ಜಾರುವುದನ್ನು ಕಂಡು ಕೇಳಿಯೇಬಿಟ್ಟೆ. ಕಾಯಿಲೆಯಿದೆ ಎಂದು ಒಪ್ಪಿಕೊಂಡರು, ಯಾರಿಗೂ ಹೇಳಬೇಡ ಅಂದರು. ಮಾವಿನ ಸುಗ್ಗಿ ನಡೆದಿತ್ತು. ಯಜಮಾನನ ಕೈ ಸೋತಿದೆ ಎಂದು ತಿಳಿದರೆ ರೈತರು ಬೇರೆ ಮಂಡಿಗೆ ಹೋಗುತ್ತಾರೆ, ಕೊಳ್ಳುವವರು ಬೆಲೆ ಮುರಿಯುತ್ತಾರೆ. ಬಾಡಿದ ಮುಖಕ್ಕೆ ಪಥ್ಯದ ನೆಪ ಹೇಳಬಹುದು. ಕೈಗೆ? ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಟವೆಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಹೇಳುತ್ತಿದ್ದರು. ಸಡಿಲ ಚೈನು ಜಾರಿ ಎದುರಿನವನ ಕೈಗೆ ತಾಗಿದರೆ ಗುಟ್ಟು ಬಯಲು.

"ವಾಚು ಬಿಚ್ಚಿಡಿ" ಅಂದೆ.

"ಬಿಚ್ಚಿದ್ರೆ ಯಾಕಂತ ಕೇಳ್ತಾರೆ ಕಣಕ್ಕ."

ಮೊದಲು ಲಾಕಿನಲ್ಲೇ ಬಿಗಿ ಮಾಡಿಕೊಂಡರು. ಅದೂ ಸಾಲದಾದಾಗ ವಾಚಿನಂಗಡಿಯಲ್ಲಿ ಕೊಂಡಿ ತೆಗೆಸಿದರು. ತೆಗೆಸಿದ್ದನ್ನು ನನ್ನ ಕೈಗೆ ಹಾಕಿ, "ಮನೇಲಿಟ್ರೆ ನನ್ನ ಹೆಂಡ್ತಿ ನೋಡಿ ಅಳ್ತಾಳೆ. ನಿನ್ಹತ್ರ ಇರ್ಲಿ. ಮೈ ಹಿಡಿದ್ಮೇಲೆ ಇಸ್ಕೋತೀನಿ" ಅಂದರು.

"ಮೊದ್ಲು ಊಟ ಮಾಡಿ" ಅಂದೆ. ಕೊಂಡಿಗಳನ್ನು ಮನೆಗೆ ತಂದು ಮೆಂತ್ಯದ ಡಬ್ಬಿಯ ತಳಕ್ಕೆ ಹಾಕಿದೆ.

ಕಾಯಿ ಮುಗಿಯುವ ತನಕ ಮಂಡಿಯಲ್ಲಿ ಕೂತರು, ಟವೆಲಿನ ಕೆಳಗೆ ಕೈ ಕೊಟ್ಟರು. ಮತ್ತೆ ಮಾವು ಹೂ ಬಿಡುವಾಗ ಅವರಿರಲಿಲ್ಲ.

ಸಾವಿನ ಮನೆಗೆ ರಾಯಲ್ಪಾಡಿನ ವ್ಯಾಪಾರಿ ಬಂದಿದ್ದ. ಹೆಚ್ಚಿನ ಕಾಯಿ ಕೊಳ್ಳುತ್ತಿದ್ದವನು ಅವನೇ. "ನಿಮಗೆ ಗೊತ್ತಾಗ್ಲಿಲ್ವಾ?" ಎಂದು ನೇರ ಕೇಳಿದೆ.

"ತೆಲುಸಮ್ಮಾ, ಎಲ್ಲ ಗೊತ್ತಿತ್ತು. ಚೈನೇನೋ ಬಿಗಿಯಾಗೇ ಇತ್ತು. ಬೆರಳಲ್ಲಿ ಬರೀ ಮೂಳೆ."

"ಮತ್ತೆ ಬೆಲೆ ಮುರೀಲಿಲ್ಲ?"

"ಆ ಕೈ ಹಿಡ್ಕೊಂಡು ಹೆಂಗಮ್ಮಾ ಮುರೀಲಿ?" ಅಂದ.

ನಿನ್ನೆ ಕೊಂಡಿಗಳನ್ನು ಸೆರಗಿನಲ್ಲಿ ಒರೆಸಿ ಡಬ್ಬಿಗೆ ಹಾಕಿ, ಮೇಲೆ ಮೆಂತ್ಯ ಸುರಿದೆ. "ಇನ್ಯಾರಿಗೆ ಬೇಕತ್ತೆ ಇವು?" ಅಂದಳು ಸೊಸೆ. ಇಸ್ಕೋತೀನಿ ಅಂದವರು ಬರುವುದಿಲ್ಲ, ಗೊತ್ತು. ಆದರೆ ಬಿಸಾಡಲು ಅವು ನನ್ನವಲ್ಲವಲ್ಲ.